ಚಂದ್ರನಲ್ಲಿ ಇನ್ನು ಎಲ್ಲಿ ಇಳಿಯಬೇಕು, ಏನನ್ನು ಹುಡುಕಬೇಕು?

ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋ ತೋಡಿಸಿದ ಕುಳಿಗಳ ಬಗ್ಗೆ ಚಿತ್ರದುರ್ಗ ಜಿಲ್ಲೆಯಲ್ಲಿ ಕೇಳದವರು ಕಡಿಮೆ. ಲ್ಯಾಂಡರ್ ಚಂದ್ರನ ಮೇಲೆ ಇಳಿಯುವ ಹೊತ್ತಿನಲ್ಲಿ ಗುಂಡಿ ಯಾವುದು, ಸಮನೆಲ ಯಾವುದು ಎಂಬುದನ್ನು ಅದರ ಕ್ಯಾಮೆರಾಗಳೂ ಸಂವೇದಕಗಳೂ ಮನುಷ್ಯರ ನೆರವಿಲ್ಲದೆ ಗುರುತಿಸಬೇಕು. ಆ ಸಾಮರ್ಥ್ಯವನ್ನು ಭೂಮಿಯ ಮೇಲೆಯೇ ಪರೀಕ್ಷಿಸಿಕೊಳ್ಳಲು ಕಾವಲಿನ ನೆಲದಲ್ಲಿ ಚಂದ್ರನ ಮೇಲ್ಮೈಯನ್ನು ಹೋಲುವ ಕುಳಿಗಳನ್ನು ನಿರ್ಮಿಸಿ, ಅವುಗಳ ಮೇಲೆ ವಿಮಾನ ಹಾರಿಸಿ ಉಪಕರಣಗಳನ್ನು ಪರಿಶೀಲಿಸಲಾಯಿತು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ದಕ್ಷಿಣ ಭಾಗದ ಸುಮಾರು 69 ಡಿಗ್ರಿ ಅಕ್ಷಾಂಶದಲ್ಲಿ ಸುರಕ್ಷಿತವಾಗಿ ಇಳಿಯಿತು.

ಅದಾದ ಮೇಲೆ ಕೇಂದ್ರ ಸಚಿವ ಸಂಪುಟ 2024ರ ಸೆಪ್ಟೆಂಬರ್ 18ರಂದು ಚಂದ್ರಯಾನ-4ಕ್ಕೆ ಒಪ್ಪಿಗೆ ನೀಡಿತು. 2025ರ ಮಾರ್ಚ್‌ನಲ್ಲಿ ಜಪಾನಿನ ಜೊತೆಗೂಡಿ ನಡೆಸುವ ಚಂದ್ರಯಾನ-5ಕ್ಕೂ ಅನುಮತಿ ದೊರೆಯಿತು. ಚಂದ್ರಯಾನ-4ರ ಅಂದಾಜು ವೆಚ್ಚವೊಂದೇ 2,104 ಕೋಟಿ ರೂಪಾಯಿ. ಇಳಿದದ್ದಾಯಿತಲ್ಲ, ಮತ್ತೆ ಮತ್ತೆ ಹೋಗುವುದು ಯಾತಕ್ಕೆ ಎಂದು ಜನ ಕೇಳುವುದು ಸಹಜ, ಮತ್ತು ಆ ಪ್ರಶ್ನೆಗೆ ನೇರವಾದ ಉತ್ತರ ಸಿಗಬೇಕು. ಇಳಿಯಲು ಬರುತ್ತದೆ ಎಂಬುದು ಖಚಿತವಾದ ಮೇಲೆ ಉಳಿಯುವುದು, ಎಲ್ಲಿ ಇಳಿಯಬೇಕು ಮತ್ತು ಅಲ್ಲಿ ಯಾವ ಪ್ರಶ್ನೆಯನ್ನು ಕೇಳಬೇಕು ಎಂಬ ತೀರ್ಮಾನ. ವಿಜ್ಞಾನಿಗಳು ಚಂದ್ರನ ಅನ್ವೇಷಣೆಯ ಆದ್ಯತೆಗಳು ಎಂದು ಮಾತಾಡುವಾಗ ಅವರ ಮನಸ್ಸಿನಲ್ಲಿ ಇರುವುದು ಇದೇ.

ಮೊದಲು ನಾಲ್ಕು ಪದಗಳು

ಆರ್ಬಿಟರ್ ಎಂದರೆ ಚಂದ್ರನನ್ನು ಸುತ್ತುತ್ತಾ ಮೇಲಿನಿಂದ ನೋಡುವ ನೌಕೆ. ಇಡೀ ಚಂದ್ರನ ನಕ್ಷೆ ಸಿಗುವುದು ಇದರಿಂದ. ಲ್ಯಾಂಡರ್ ಒಂದೇ ಜಾಗದಲ್ಲಿ ಇಳಿದು ಅಲ್ಲಿಯೇ ನಿಲ್ಲುತ್ತದೆ. ಅದರಿಂದ ಹೊರಬಂದು ಓಡಾಡುವ ಗಾಡಿಯೇ ರೋವರ್. ನಾಲ್ಕನೆಯದು ಮಾದರಿ ಹೊತ್ತು ತರುವ ಯೋಜನೆ, ಎಂದರೆ ಚಂದ್ರನ ಕಲ್ಲುಮಣ್ಣನ್ನು ಸಂಗ್ರಹಿಸಿ ಭೂಮಿಯ ಪ್ರಯೋಗಾಲಯಕ್ಕೆ ತಲುಪಿಸುವುದು.

ಈ ನಾಲ್ಕರಲ್ಲಿ ಒಂದು ಮಾಡುವ ಕೆಲಸವನ್ನು ಇನ್ನೊಂದು ಮಾಡಲಾರದು. ಕಲ್ಲಿನ ವಯಸ್ಸನ್ನೇ ತೆಗೆದುಕೊಳ್ಳಿ. ಕಲ್ಲಿನೊಳಗಿನ ಯುರೇನಿಯಂನಂಥ ವಿಕಿರಣಶೀಲ ಧಾತುಗಳು ನಿಶ್ಚಿತ ವೇಗದಲ್ಲಿ ಸೀಸವಾಗಿ ಬದಲಾಗುತ್ತಾ ಹೋಗುತ್ತವೆ. ಎಷ್ಟು ಬದಲಾಗಿದೆ ಎಂದು ಅಳೆದರೆ ಕಲ್ಲು ಗಟ್ಟಿಯಾಗಿ ಎಷ್ಟು ಕಾಲವಾಯಿತು ಎಂಬುದು ತಿಳಿಯುತ್ತದೆ. ಆದರೆ ಈ ಅಳತೆಗೆ ಬೇಕಾಗುವ ಸೂಕ್ಷ್ಮತೆ ಇರುವುದು ದೊಡ್ಡ ಪ್ರಯೋಗಾಲಯದ ಯಂತ್ರಗಳಲ್ಲಿ. ಅಂಥ ಯಂತ್ರವನ್ನು 26 ಕಿಲೋ ತೂಕದ ಪ್ರಜ್ಞಾನ್ ರೋವರ್ ಮೇಲೆ ಕೂರಿಸಲಾಗದು. ವಯಸ್ಸು ಕರಾರುವಾಕ್ಕಾಗಿ ಬೇಕೆಂದರೆ ಕಲ್ಲನ್ನೇ ಇಲ್ಲಿಗೆ ತರಬೇಕು.

ಜಾಗ ಗೊತ್ತಿರುವ ಕಲ್ಲು

ಚಿತ್ರದುರ್ಗದ ಸುತ್ತಮುತ್ತ ಬೆಳೆದವರಿಗೆ ಕಲ್ಲು ಹೊಸದಲ್ಲ. ಆದರೂ ಮರಡಿಹಳ್ಳಿಯ ಬಳಿಯ ಬಂಡೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಬಂಡೆಯ ಮೈಮೇಲೆ ಒಂದಕ್ಕೊಂದು ಒತ್ತಿಕೊಂಡ ಉಬ್ಬುಗಳು ಕಾಣುತ್ತವೆ. ಪ್ರತಿ ಉಬ್ಬಿಗೂ ಅಂಚಿನಲ್ಲಿ ನಯವಾದ ಕಣಗಳ ತೆಳುವಾದ ಪದರವಿದ್ದು, ಒಳಗಿನ ಭಾಗ ಅದಕ್ಕಿಂತ ಒರಟಾಗಿರುತ್ತದೆ. ಇದನ್ನು ದಿಂಬು ಲಾವಾ ಎನ್ನುತ್ತಾರೆ. ನೀರಿನ ಅಡಿಯಲ್ಲಿ ಲಾವಾರಸ ಉಕ್ಕಿದಾಗ ಹೊರಮೈ ತಟ್ಟನೆ ತಣ್ಣಗಾಗಿ ಚಿಪ್ಪು ಕಟ್ಟುತ್ತದೆ, ಒಳಗಿನ ರಸ ನಿಧಾನವಾಗಿ ಆರುತ್ತದೆ. ಹಾಗಾಗಿಯೇ ಈ ಆಕಾರ. ಸುಮಾರು 250 ಕೋಟಿ ವರ್ಷಗಳ ಹಿಂದೆ ಈಗಿನ ಬಯಲುಸೀಮೆಯ ಈ ಜಾಗದಲ್ಲಿ ನೀರು ನಿಂತಿತ್ತು ಎಂಬುದನ್ನು ಆ ಬಂಡೆಯೇ ಹೇಳುತ್ತದೆ.

ಅದೇ ಬಂಡೆಯ ಒಂದು ಚೂರನ್ನು ಒಡೆದು, ಎಲ್ಲಿಂದ ತಂದದ್ದೆಂದು ಹೇಳದೆ ಯಾರದಾದರೂ ಕೈಗೆ ಕೊಟ್ಟರೆ ಅವರು ಅದರ ರಾಸಾಯನಿಕ ಸಂಯೋಜನೆಯನ್ನು ಹೇಳಿಯಾರು, ವಯಸ್ಸನ್ನೂ ಹೇಳಿಯಾರು. ಆದರೆ ಅಕ್ಕಪಕ್ಕದ ಪದರಗಳ ಜೊತೆ ಅದಕ್ಕೆ ಏನು ಸಂಬಂಧ, ಯಾವುದು ಮೊದಲು ಬಂತು, ಯಾವುದು ಅದರ ಮೇಲೆ ಹರಿಯಿತು ಎಂಬ ಕಥೆ ಅಲ್ಲಿಗೇ ಕಡಿದುಹೋಗುತ್ತದೆ. ಚಂದ್ರನ ವಿಷಯದಲ್ಲಿ ವಿಜ್ಞಾನಿಗಳು ಐದು ದಶಕಗಳಿಂದ ಎದುರಿಸುತ್ತಿರುವ ತೊಡಕು ಇದಕ್ಕೆ ಬಹಳ ಹತ್ತಿರದ್ದು.

1969ರಿಂದ 1972ರವರೆಗೆ ಆರು ಅಪೊಲೊ ಯಾನಗಳು ಸೇರಿ 382 ಕಿಲೋ ಕಲ್ಲುಮಣ್ಣನ್ನು ಭೂಮಿಗೆ ತಂದವು. ಸೋವಿಯತ್ ಒಕ್ಕೂಟದ ಮೂರು ಲೂನಾ ನೌಕೆಗಳು ತಂದದ್ದು ಎಲ್ಲ ಸೇರಿ ಮುನ್ನೂರು ಗ್ರಾಂ ಆಸುಪಾಸು. ಇವೆಲ್ಲವೂ ಚಂದ್ರನ ನಮಗೆ ಕಾಣುವ ಮಗ್ಗುಲಿನವು, ಅದರಲ್ಲೂ ಸಮಭಾಜಕಕ್ಕೆ ಹತ್ತಿರದವು. ಇಳಿಯಲು ಸುಲಭ, ಭೂಮಿಯೊಂದಿಗೆ ಸಂಪರ್ಕವೂ ಸುಲಭ ಎಂದು ಆ ಜಾಗಗಳನ್ನು ಆರಿಸಲಾಗಿತ್ತು. ಅಲ್ಲಿ ಇನ್ನೊಂದು ತೊಂದರೆಯೂ ಇತ್ತು. ಈಚೆ ಮಗ್ಗುಲಿನಲ್ಲಿ ಇಂಬ್ರಿಯಂ ಎಂಬ ಭಾರೀ ಮಹಾಕುಳಿ ಇದೆ. ಅದು ಉಂಟಾದಾಗ ಸಿಡಿದ ಪುಡಿ ಮತ್ತು ಕಲ್ಲುಚೂರು ಬಹು ದೂರದವರೆಗೆ ಹರಡಿಕೊಂಡಿತು. ಅಪೊಲೊ ಕಲ್ಲುಗಳಲ್ಲಿ ಎಷ್ಟೋ ಆಯಾ ಜಾಗದಲ್ಲಿ ಹುಟ್ಟಿದವಲ್ಲ, ಆ ಸಿಡಿತದಿಂದ ಬಂದು ಬಿದ್ದವು ಎಂಬ ಸಂದೇಹ ಇಂದಿಗೂ ಇದೆ. ಕೈಯಲ್ಲಿ ನಾಲ್ಕು ಕ್ವಿಂಟಲ್‌ಗೆ ಹತ್ತಿರದಷ್ಟು ಕಲ್ಲಿದ್ದರೂ ಅವು ಇಡೀ ಚಂದ್ರನ ಪರವಾಗಿ ಸಾಕ್ಷಿ ನುಡಿಯಲಾರವು.

ಈ ಕೊರತೆಯನ್ನು ತುಂಬುವ ಕೆಲಸ ಇತ್ತೀಚೆಗೆ ಆರಂಭವಾಗಿದೆ. ಚೀನಾದ ಚಾಂಗ್‌ಎ-5 ನೌಕೆ 2020ರ ಡಿಸೆಂಬರ್‌ನಲ್ಲಿ 1,731 ಗ್ರಾಂ ಮಾದರಿ ತಂದಿತು. ಚಾಂಗ್‌ಎ-6 ನೌಕೆ 2024ರ ಜೂನ್‌ನಲ್ಲಿ ಚಂದ್ರನ ಆಚೆ ಮಗ್ಗುಲಿನಿಂದ ಮೊಟ್ಟಮೊದಲ ಬಾರಿಗೆ ಕಲ್ಲುಮಣ್ಣು ತಂದಿತು. ಅದರ ತೂಕ ಎರಡು ಕಿಲೋಗೆ ಸ್ವಲ್ಪ ಕಡಿಮೆ. ತೂಕದಲ್ಲಿ ಅಪೊಲೊ ಸಂಗ್ರಹದ ಮುಂದೆ ಇವು ಏನೇನೂ ಅಲ್ಲ. ಆದರೂ ಚಂದ್ರವಿಜ್ಞಾನದಲ್ಲಿ ಇವು ಎಬ್ಬಿಸಿದ ಚರ್ಚೆ ದೊಡ್ಡದು, ಏಕೆಂದರೆ ಇವು ಬೇರೆ ಜಾಗದ ಕಲ್ಲುಗಳು.

ಒಮ್ಮೆ ಕರಗಿದ್ದ ಚಂದ್ರ

ಸುಮಾರು 450 ಕೋಟಿ ವರ್ಷಗಳ ಹಿಂದೆ, ಎಳೆಯ ಭೂಮಿಗೆ ಮಂಗಳ ಗ್ರಹದಷ್ಟು ದೊಡ್ಡ ಕಾಯವೊಂದು ಬಡಿದು, ಸಿಡಿದ ವಸ್ತುವೆಲ್ಲ ಒಟ್ಟುಗೂಡಿ ಚಂದ್ರನಾಯಿತು ಎಂಬುದು ಇಂದು ಹೆಚ್ಚು ಜನ ವಿಜ್ಞಾನಿಗಳು ಒಪ್ಪುವ ವಿವರಣೆ. ಆ ಬಿಸಿಯಲ್ಲಿ ಹೊಸ ಚಂದ್ರನ ಹೊರಭಾಗ ನೂರಾರು ಕಿಲೋಮೀಟರ್ ಆಳದವರೆಗೆ ಕರಗಿ ಶಿಲಾರಸದ ಸಾಗರವಾಗಿತ್ತು. ಅದು ಆರುತ್ತಾ ಬಂದಂತೆ ಭಾರವಾದ ಖನಿಜಗಳು ತಳಕ್ಕಿಳಿದವು, ಹಗುರವಾದ ಖನಿಜಗಳು ಮೇಲೆ ತೇಲಿ ಗಟ್ಟಿಯಾಗಿ ತೊಗಟೆಯಾದವು. ಅನಾರ್ಥೊಸೈಟ್ ಎಂಬ ಬಿಳಿಚಾದ ಕಲ್ಲು ಹೀಗೆ ತೇಲಿದ ಭಾಗ. ಬೆಳದಿಂಗಳ ರಾತ್ರಿಯಲ್ಲಿ ಚಂದ್ರನ ಮೈಯಲ್ಲಿ ನಮಗೆ ಬೆಳ್ಳಗೆ ಕಾಣುವ ಎತ್ತರದ ನೆಲ ಅದೇ. ಕಪ್ಪಾಗಿ ಕಾಣುವ ಬಯಲುಗಳು ಅನಂತರ ಉಕ್ಕಿ ಹರಿದ ಲಾವಾ.

ಈ ವಿವರಣೆ ಹುಟ್ಟಿದ್ದು ಅಪೊಲೊ ಕಲ್ಲುಗಳಿಂದ. ಧ್ರುವದ ಕಡೆಯ ನೆಲಕ್ಕೂ ಅದು ಹೊಂದುತ್ತದೆಯೇ ಎಂಬುದನ್ನು ನೆಲದಲ್ಲಿ ನಿಂತು ನೋಡಿದ ಮೊದಲ ಉಪಕರಣ ನಮ್ಮದು. ಪ್ರಜ್ಞಾನ್ ರೋವರ್ ನೂರು ಮೀಟರ್‌ಗಿಂತ ತುಸು ಹೆಚ್ಚು ದೂರ ಓಡಾಡಿ, ಎಕ್ಸ್-ಕಿರಣ ಉಪಕರಣದಿಂದ 23 ಕಡೆಗಳಲ್ಲಿ ಮಣ್ಣಿನ ಧಾತುಗಳನ್ನು ಅಳೆಯಿತು. ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ ತಂಡ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ ಆ ಮಣ್ಣು ಬಹುಪಾಲು ಒಂದೇ ತೆರನಾಗಿದ್ದು, ಅನಾರ್ಥೊಸೈಟ್ ಕಲ್ಲನ್ನು ಹೋಲುತ್ತದೆ. ಶಿಲಾರಸದ ಸಾಗರ ಚಂದ್ರನ ಒಂದು ಮೂಲೆಯಲ್ಲಿ ಅಲ್ಲ, ಸುತ್ತಲೂ ಇತ್ತು ಎಂಬ ಕಲ್ಪನೆಗೆ ಇದರಿಂದ ಬಲ ಬಂತು. ಜೊತೆಗೆ, ನಿರೀಕ್ಷೆಗಿಂತ ಹೆಚ್ಚು ಮೆಗ್ನೀಸಿಯಂ ಇರುವ ಖನಿಜಗಳೂ ಅಲ್ಲಿ ಕಂಡವು. ಇವು ತೊಗಟೆಯ ಕೆಳಪದರದಿಂದ ಬಂದಿರಬೇಕು. ಅಷ್ಟು ಆಳದ ವಸ್ತುವನ್ನು ಮೇಲಕ್ಕೆ ಎತ್ತಿ ಎರಚಬಲ್ಲ ಘಟನೆ ಆ ಪ್ರದೇಶದಲ್ಲಿ ಒಂದೇ ಒಂದು ನಡೆದಿದೆ.

ಅತಿ ಹಳೆಯ ಮಹಾಕುಳಿ

ಆ ಘಟನೆ ಉಳಿಸಿಹೋದದ್ದು ದಕ್ಷಿಣ ಧ್ರುವ-ಐಟ್ಕೆನ್ ಮಹಾಕುಳಿ. ಅಡ್ಡಗಲ ಸುಮಾರು 2,500 ಕಿಲೋಮೀಟರ್, ಎಂದರೆ ಬೆಂಗಳೂರಿನಿಂದ ನೇರವಾಗಿ ಹೊರಟರೆ ಕಾಶ್ಮೀರದ ಗಡಿಯನ್ನೂ ದಾಟುವಷ್ಟು ಅಗಲ. ಬಹುಪಾಲು ಆಚೆ ಮಗ್ಗುಲಿನಲ್ಲಿ ಇರುವುದರಿಂದ ಅದು ಭೂಮಿಯಿಂದ ಕಾಣುವುದಿಲ್ಲ. ವಿಕ್ರಮ್ ಇಳಿದ ಶಿವಶಕ್ತಿ ಬಿಂದು ಈ ಮಹಾಕುಳಿಯ ಅಂಚಿನಿಂದ ಸುಮಾರು 350 ಕಿಲೋಮೀಟರ್ ದೂರದಲ್ಲಿದೆ.

ಈ ಕುಳಿಗೆ ಇಷ್ಟು ಮಹತ್ವ ಏಕೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಚಂದ್ರ, ಮಂಗಳ, ಬುಧ ಮುಂತಾದ ಕಡೆ ನೆಲದ ವಯಸ್ಸನ್ನು ಅಂದಾಜು ಮಾಡುವುದು ಕುಳಿಗಳನ್ನು ಎಣಿಸಿ. ಉಲ್ಕೆಗಳು ಬೀಳುತ್ತಲೇ ಇರುವುದರಿಂದ ಹಳೆಯ ನೆಲದಲ್ಲಿ ಕುಳಿ ಹೆಚ್ಚು, ಹೊಸ ನೆಲದಲ್ಲಿ ಕಡಿಮೆ. ಆದರೆ ಇಷ್ಟು ಕುಳಿ ಎಂದರೆ ಇಷ್ಟು ಕೋಟಿ ವರ್ಷ ಎಂದು ಲೆಕ್ಕ ಹಾಕಲು ಕೆಲವಾದರೂ ಜಾಗಗಳ ನಿಜವಾದ ವಯಸ್ಸು ಪ್ರಯೋಗಾಲಯದಿಂದ ಗೊತ್ತಿರಬೇಕು. ಆ ಆಧಾರ ಸಿಕ್ಕಿದ್ದು ಅಪೊಲೊ ಮತ್ತು ಲೂನಾ ಕಲ್ಲುಗಳಿಂದ ಮಾತ್ರ. ಅವುಗಳಲ್ಲಿ ಹೆಚ್ಚಿನವು 300 ಕೋಟಿ ವರ್ಷಗಳಿಗಿಂತ ಹಳೆಯವಾದ್ದರಿಂದ ಅನಂತರದ ಕಾಲದ ಲೆಕ್ಕ ಬಹುಕಾಲ ಊಹೆಯಲ್ಲಿಯೇ ನಡೆಯಿತು. ಚಾಂಗ್‌ಎ-5 ತಂದ ಲಾವಾಕಲ್ಲಿನ ವಯಸ್ಸು ಸುಮಾರು 200 ಕೋಟಿ ವರ್ಷ ಎಂದು ತಿಳಿದಾಗ ಈ ಅಳತೆಗೋಲಿಗೆ ನಡುವಿನಲ್ಲಿ ಒಂದು ಗುರುತು ದೊರೆಯಿತು. ಅಷ್ಟು ಈಚೆಗೂ ಚಂದ್ರನಲ್ಲಿ ಲಾವಾ ಹರಿಯಿತೆಂಬುದು ಆಶ್ಚರ್ಯವನ್ನೂ ತಂದಿತು.

ಅಳತೆಗೋಲಿನ ಹಳೆಯ ತುದಿಯಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇದೆ. ಅಪೊಲೊ ಕಲ್ಲುಗಳಲ್ಲಿ ಬಡಿತದಿಂದ ಕರಗಿದ ಗುರುತುಳ್ಳ ಹಲವು 390 ಕೋಟಿ ವರ್ಷದ ಆಸುಪಾಸಿನವು. ಇದನ್ನು ನೋಡಿದ ಕೆಲವರು ಆ ಕಾಲದಲ್ಲಿ ಸೌರವ್ಯೂಹದ ಒಳಭಾಗದ ಮೇಲೆ ಉಲ್ಕೆಗಳ ಮಳೆಯೇ ಸುರಿಯಿತೆಂದು ವಾದಿಸಿದರು. ಇನ್ನು ಕೆಲವರು, ಆ ಕಲ್ಲುಗಳೆಲ್ಲ ಇಂಬ್ರಿಯಂ ಒಂದರಿಂದಲೇ ಸಿಡಿದವಾಗಿರಬಹುದು, ಒಂದೇ ಘಟನೆಯನ್ನು ನಾವು ಹಲವು ಬಾರಿ ಎಣಿಸುತ್ತಿದ್ದೇವೆ ಎಂದರು. ತೀರ್ಮಾನಕ್ಕೆ ಬೇಕಾದುದು ಇಂಬ್ರಿಯಂನಿಂದ ದೂರವಿರುವ, ಅದಕ್ಕಿಂತ ಬಹಳ ಹಳೆಯದಾದ ಮಹಾಕುಳಿಯ ಕಲ್ಲುಗಳು. ಚಾಂಗ್‌ಎ-6 ಇಳಿದದ್ದು ದಕ್ಷಿಣ ಧ್ರುವ-ಐಟ್ಕೆನ್ ಮಹಾಕುಳಿಯ ಒಳಗೇ. ಅದು ತಂದ ಚೂರುಗಳಿಂದ ಮಹಾಕುಳಿಯ ವಯಸ್ಸು ಸುಮಾರು 425 ಕೋಟಿ ವರ್ಷ ಎಂದು 2025ರಲ್ಲಿ ಅಂದಾಜು ಮಾಡಲಾಗಿದೆ. ಆದರೆ ಇದು ಒಂದು ಜಾಗದ ಉತ್ತರ. ಅಮೆರಿಕದ ವಿಜ್ಞಾನ ಅಕಾಡೆಮಿಗಳು 2022ರಲ್ಲಿ ಹತ್ತು ವರ್ಷದ ಆದ್ಯತೆಗಳನ್ನು ಗೊತ್ತುಮಾಡಿದಾಗ, ಚಂದ್ರನಿಗೆ ಸಂಬಂಧಿಸಿ ಅಗ್ರಸ್ಥಾನ ಕೊಟ್ಟದ್ದು ಇದೇ ಮಹಾಕುಳಿಯಲ್ಲಿ ಸುಮಾರು 2,000 ಕಿಲೋಮೀಟರ್ ಸಂಚರಿಸಿ, ಬೇರೆಬೇರೆ ಜಾಗಗಳಿಂದ ಸುಮಾರು 100 ಕಿಲೋ ಕಲ್ಲು ಆಯ್ದು ಗಗನಯಾತ್ರಿಗಳ ಕೈಗೆ ಒಪ್ಪಿಸುವ ರೋವರ್‌ಗೆ. ಅದಕ್ಕೆ ಅವರಿಟ್ಟ ಹೆಸರು ಎಂಡ್ಯೂರೆನ್ಸ್.

ಇದರಿಂದ ನಮಗೇನು ಎಂದು ಕೇಳುವವರಿಗೆ ಉತ್ತರ ನಮ್ಮ ಕಾಲಡಿಯಲ್ಲೇ ಇದೆ. ಕರ್ನಾಟಕದ ಅತಿ ಹಳೆಯ ಕಲ್ಲುಗಳಲ್ಲಿ ಸೇರುವ ಹಾಸನ ಜಿಲ್ಲೆಯ ಗೊರೂರು ಸುತ್ತಲಿನ ಶಿಲೆಗಳ ವಯಸ್ಸು ಸುಮಾರು 330 ಕೋಟಿ ವರ್ಷ. ಇಡೀ ಭೂಮಿಯಲ್ಲಿ ಹುಡುಕಿದರೂ 400 ಕೋಟಿ ವರ್ಷ ದಾಟಿದ ಬಂಡೆ ಸಿಗುವುದು ಅಪರೂಪ. ಭೂಮಿಯ ಮೊದಲ ಐವತ್ತು ಕೋಟಿ ವರ್ಷಗಳ ದಾಖಲೆಯನ್ನು ಮಳೆ, ಗಾಳಿ, ಭೂಫಲಕಗಳ ಚಲನೆ ಅಳಿಸಿಹಾಕಿವೆ. ಸಾಗರ ತುಂಬಿದ್ದು, ಜೀವ ಮೊಳೆಯಲು ನೆಲ ಅಣಿಯಾದದ್ದು ಆ ಅವಧಿಯಲ್ಲೇ ಇರಬೇಕು. ಭೂಮಿಯ ಮಗ್ಗುಲಲ್ಲೇ ಇದ್ದ ಚಂದ್ರನಿಗೂ ಭೂಮಿಗೆ ಬಿದ್ದ ಏಟುಗಳೇ ಬಿದ್ದಿವೆ. ಅಲ್ಲಿ ಮಳೆಯಿಲ್ಲ, ಗಾಳಿಯಿಲ್ಲ, ಗುರುತುಗಳು ಉಳಿದುಕೊಂಡಿವೆ. ನನ್ನ ತಿಳಿವಳಿಕೆಯಲ್ಲಿ ಚಂದ್ರನಿಗೆ ಹೋಗಲು ಇದಕ್ಕಿಂತ ದೊಡ್ಡ ಕಾರಣ ಬೇರೊಂದಿಲ್ಲ. ಸಾಮಾನ್ಯ ಚರ್ಚೆಯಲ್ಲಿ ಅತಿ ಕಡಿಮೆ ಕೇಳಿಬರುವುದೂ ಇದೇ.

ನೀರು: ಇದೆ ಎಂಬುದಕ್ಕೂ ಎಷ್ಟಿದೆ ಎಂಬುದಕ್ಕೂ ನಡುವೆ

ಹೆಚ್ಚು ಕೇಳಿಬರುವುದು ನೀರಿನ ಮಾತು. 2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1ರಲ್ಲಿ ನಾಸಾ ಕಳಿಸಿದ್ದ ಖನಿಜ ನಕ್ಷೆಯ ಉಪಕರಣವೊಂದಿತ್ತು. ಚಂದ್ರನಿಂದ ಪ್ರತಿಫಲಿಸಿದ ಬೆಳಕಿನಲ್ಲಿ ಸುಮಾರು 3 ಮೈಕ್ರೋಮೀಟರ್ ತರಂಗಾಂತರದ ಭಾಗ ಕಡಿಮೆಯಾಗಿದ್ದುದನ್ನು ಅದು ಗುರುತಿಸಿತು. ನೀರಿನ ಅಣು ಅಥವಾ ಅದರ ಹತ್ತಿರದ ಬಂಧು ಹೈಡ್ರಾಕ್ಸಿಲ್ ಬೆಳಕನ್ನು ಹೀರುವುದು ಆ ಜಾಗದಲ್ಲಿ. 2009ರ ಸೆಪ್ಟೆಂಬರ್‌ನಲ್ಲಿ ಇದು ಪ್ರಕಟವಾಯಿತು. ಮರುತಿಂಗಳು, ಅಕ್ಟೋಬರ್ 9ರಂದು, ನಾಸಾದ ಎಲ್‌ಕ್ರಾಸ್ ಯೋಜನೆ ಕೇಬಿಯಸ್ ಎಂಬ ಕತ್ತಲೆಯ ಕುಳಿಗೆ ರಾಕೆಟ್ಟಿನ ಖಾಲಿ ಭಾಗವೊಂದನ್ನು ಬಡಿಸಿ, ಮೇಲೆದ್ದ ದೂಳಿನಲ್ಲಿ ನೀರನ್ನು ಕಂಡಿತು. ಆ ಮಣ್ಣಿನ ತೂಕದಲ್ಲಿ ನೀರಿನ ಪಾಲು ನೂರಕ್ಕೆ ಐದೂವರೆಯ ಆಸುಪಾಸು ಎಂದು ಲೆಕ್ಕ ಹಾಕಲಾಯಿತಾದರೂ ಆ ಲೆಕ್ಕದ ಅನಿಶ್ಚಿತತೆ ದೊಡ್ಡದು. 2018ರಲ್ಲಿ ಚಂದ್ರಯಾನ-1ರ ಹಳೆಯ ದತ್ತಾಂಶವನ್ನೇ ಮತ್ತೆ ಸೋಸಿ ನೋಡಿದಾಗ ಧ್ರುವಗಳ ನೆರಳಿನ ಕುಳಿಗಳಲ್ಲಿ, ಮೇಲ್ಮೈಯಲ್ಲಿಯೇ ಅಲ್ಲಲ್ಲಿ ಮಂಜುಗಡ್ಡೆಯ ಗುರುತು ಸಿಕ್ಕಿತು.

ಧ್ರುವಗಳಲ್ಲಿಯೇ ಏಕೆ? ಭೂಮಿಯ ಅಕ್ಷ 23.5 ಡಿಗ್ರಿ ವಾಲಿದ್ದರೆ ಚಂದ್ರನದು ಸುಮಾರು 1.5 ಡಿಗ್ರಿ ಮಾತ್ರ. ಹೀಗಾಗಿ ಚಂದ್ರನ ಧ್ರುವದಲ್ಲಿ ಸೂರ್ಯ ನೆತ್ತಿಗೆ ಏರುವುದೇ ಇಲ್ಲ. ದಿಗಂತದ ಅಂಚಿನಲ್ಲೇ ಸುತ್ತುತ್ತಾನೆ. ಎತ್ತರದ ದಿಬ್ಬಗಳಿಗೆ ವರ್ಷದ ಹೆಚ್ಚಿನ ಭಾಗ ಬಿಸಿಲು ಬಿದ್ದರೆ, ಪಕ್ಕದ ಆಳವಾದ ಕುಳಿಗಳ ತಳಕ್ಕೆ ಕೋಟ್ಯಂತರ ವರ್ಷಗಳಿಂದ ಬಿಸಿಲೇ ಬಿದ್ದಿಲ್ಲ. ಅಂಥ ಕಡೆ ಉಷ್ಣತೆ ಮೈನಸ್ 200 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಕೆಳಗೆ. ಗಾಳಿಯಿಲ್ಲದ ಚಂದ್ರನಲ್ಲಿ ಮಂಜುಗಡ್ಡೆ ಬಿಸಿಲು ತಾಗಿದರೆ ಆವಿಯಾಗಿ ಹಾರಿಹೋಗುತ್ತದೆ. ಮೈನಸ್ 160 ಡಿಗ್ರಿಗಿಂತ ಕೆಳಗಿದ್ದರೆ ನೂರಾರು ಕೋಟಿ ವರ್ಷ ಉಳಿಯಬಲ್ಲದು.

ನೀರು ಇದೆ ಎಂದು ಗೊತ್ತಾದ ಮೇಲೂ ಉಳಿಯುವ ಸಮಸ್ಯೆಯನ್ನು ನಮ್ಮ ಕಡೆಯ ರೈತರಿಗೆ ವಿವರಿಸಿ ಹೇಳಬೇಕಾಗಿಲ್ಲ. ಬೋರ್‌ವೆಲ್ ಕೊರೆಸುವ ಮುನ್ನ ಪಾಯಿಂಟ್ ತೋರಿಸುವವರು ನೆಲದ ಮೇಲೆ ನಿಂತು ಇಲ್ಲಿ ನೀರಿದೆ ಎನ್ನುತ್ತಾರೆ. ಆದರೆ ಎಷ್ಟು ಅಡಿಗೆ ಸಿಗುತ್ತದೆ, ಎಷ್ಟು ಇಂಚು ಬರುತ್ತದೆ, ಎಷ್ಟು ದಿನ ನಿಲ್ಲುತ್ತದೆ ಎಂಬುದು ಕೊರೆದ ಮೇಲೆಯೇ ತಿಳಿಯುವುದು. ಆರ್ಬಿಟರ್‌ಗಳು ಈವರೆಗೆ ಮಾಡಿರುವುದು ಪಾಯಿಂಟ್ ತೋರಿಸುವ ಕೆಲಸ. ಒಂದು ಉಪಕರಣ ಹೈಡ್ರೋಜನ್ ಇದೆ ಎನ್ನುತ್ತದೆ, ಇನ್ನೊಂದು ಮೇಲ್ಮೈಯ ಒಂದು ಮಿಲಿಮೀಟರ್‌ನೊಳಗಿನ ಮಂಜನ್ನು ಮಾತ್ರ ನೋಡಬಲ್ಲದು. ಚಂದ್ರಯಾನ-2ರ ಆರ್ಬಿಟರ್‌ನಲ್ಲಿರುವ ಎರಡು ಆವರ್ತನಗಳ ರೇಡಾರ್ ಕೆಲವು ಮೀಟರ್ ಆಳದವರೆಗೆ ತಡಕಬಲ್ಲದಾದರೂ ಮಂಜುಗಡ್ಡೆಗೂ ಒರಟು ಕಲ್ಲುರಾಶಿಗೂ ವ್ಯತ್ಯಾಸ ಹೇಳುವುದು ಅದಕ್ಕೆ ಕಷ್ಟ. ಮಂಜು ಗಟ್ಟಿ ಪದರವಾಗಿದೆಯೋ, ಮಣ್ಣಿನ ಕಣಗಳ ನಡುವೆ ಚದುರಿದೆಯೋ, ಎಷ್ಟು ಆಳದಲ್ಲಿದೆಯೋ ಯಾರೂ ಕೊರೆದು ನೋಡಿಲ್ಲ.

ವಿಕ್ರಮ್ ಲ್ಯಾಂಡರ್‌ನಲ್ಲಿದ್ದ ಚೇಸ್ಟ್ ಎಂಬ ಉಪಕರಣ ಈ ದಿಕ್ಕಿನಲ್ಲಿ ಒಂದು ಮುಖ್ಯ ಸುಳಿವು ಕೊಟ್ಟಿದೆ. ಹತ್ತು ಸಂವೇದಕಗಳಿದ್ದ ಅದರ ಸರಳು ಮಣ್ಣಿನೊಳಗೆ ಹತ್ತು ಸೆಂಟಿಮೀಟರ್ ಇಳಿಯುವಂಥದ್ದು. ಸೂರ್ಯನ ಕಡೆಗೆ ತುಸು ಇಳಿಜಾರಾಗಿದ್ದ ಆ ಜಾಗದಲ್ಲಿ ಹಗಲಿನ ಮೇಲ್ಮೈ 82 ಡಿಗ್ರಿ ಸೆಲ್ಸಿಯಸ್ ತಲುಪಿದ್ದರೆ, ಒಂದು ಮೀಟರ್ ಆಚೆಯ ಸಮನೆಲದಲ್ಲಿ ಅದು 60 ಡಿಗ್ರಿಯ ಒಳಗಿತ್ತು. ಕೆಲವೇ ಸೆಂಟಿಮೀಟರ್ ಕೆಳಗೆ ಉಷ್ಣತೆ ಹತ್ತಾರು ಡಿಗ್ರಿ ಇಳಿದುಹೋಗಿತ್ತು. ಇಷ್ಟು ಸಣ್ಣ ಇಳಿಜಾರಿನಿಂದ ಇಷ್ಟು ವ್ಯತ್ಯಾಸವಾಗುವುದಾದರೆ, ಆ ಅಕ್ಷಾಂಶದಲ್ಲಿ ಧ್ರುವದ ಕಡೆ ಮುಖ ಮಾಡಿರುವ, 14 ಡಿಗ್ರಿಗಿಂತ ಹೆಚ್ಚು ಇಳಿಜಾರಿರುವ ಜಾಗಗಳಲ್ಲಿಯೂ ಮೇಲ್ಮೈಗೆ ಹತ್ತಿರದಲ್ಲೇ ಮಂಜು ಉಳಿದಿರಬಹುದು ಎಂದು 2025ರಲ್ಲಿ ಆ ತಂಡ ತೋರಿಸಿಕೊಟ್ಟಿತು. ಕಡುಗತ್ತಲೆಯ ಕುಳಿಗೆ ಇಳಿಯುವ ಅಪಾಯ ತೆಗೆದುಕೊಳ್ಳದೆಯೇ ನೀರನ್ನು ಹುಡುಕುವ ದಾರಿ ಇದರಿಂದ ತೆರೆದಂತಾಯಿತು.

ಕೊರೆಯುವ ಕೆಲಸ ಚಂದ್ರಯಾನ-5ರದು. ಸುಮಾರು 250 ಕಿಲೋ ತೂಕದ ರೋವರ್ ಮತ್ತು ಅದನ್ನು ಒಯ್ಯುವ ರಾಕೆಟ್ ಜಪಾನಿನದು, ಲ್ಯಾಂಡರ್ ನಮ್ಮದು. ಒಂದೂವರೆ ಮೀಟರ್‌ವರೆಗೆ ಕೊರೆದು ಮಣ್ಣನ್ನು ಮೇಲೆತ್ತಿ, ಬಿಸಿ ಮಾಡಿ, ಹೊರಬರುವ ಅನಿಲವನ್ನು ಅಳೆಯುವುದು ಯೋಜನೆ. ಇಲ್ಲಿ ನೀರಿನ ಪ್ರಮಾಣದಷ್ಟೇ ಮುಖ್ಯವಾದುದು ನೀರಿನ ಮೂಲ. ನೀರಿನಲ್ಲಿ ಸಾಮಾನ್ಯ ಹೈಡ್ರೋಜನ್ ಜೊತೆಗೆ ಡ್ಯೂಟೀರಿಯಂ ಎಂಬ ಭಾರವಾದ ಹೈಡ್ರೋಜನ್ ಕೂಡ ಸ್ವಲ್ಪ ಇರುತ್ತದೆ. ಧೂಮಕೇತುವಿನ ನೀರಿನಲ್ಲಿ ಅದರ ಪಾಲು ಒಂದು ಬಗೆ, ಕ್ಷುದ್ರಗ್ರಹಗಳ ನೀರಿನಲ್ಲಿ ಮತ್ತೊಂದು ಬಗೆ, ಸೌರಮಾರುತದ, ಎಂದರೆ ಸೂರ್ಯನಿಂದ ಸದಾ ಹೊರಬೀಳುವ ಕಣಗಳ ಹರಿವಿನ, ಹೈಡ್ರೋಜನ್‌ನಿಂದ ಉಂಟಾದ ನೀರಿನಲ್ಲಿ ತೀರ ಕಡಿಮೆ. ಚಂದ್ರನ ಮಂಜಿನಲ್ಲಿ ಈ ಪಾಲು ಎಷ್ಟೆಂದು ಅಳೆದರೆ ಅದು ಎಲ್ಲಿಂದ ಬಂತು ಎಂಬುದರ ಜೊತೆಗೆ ನಮ್ಮ ಸಾಗರಗಳ ನೀರು ಎಲ್ಲಿಂದ ಬಂದಿರಬಹುದು ಎಂಬುದಕ್ಕೂ ಸುಳಿವು ಸಿಗುತ್ತದೆ.

ಈ ಅಧ್ಯಯನಕ್ಕೆ ಆತುರ ಇರುವುದಕ್ಕೆ ಇನ್ನೊಂದು ಕಾರಣವಿದೆ. ಲ್ಯಾಂಡರ್ ಇಳಿಯುವಾಗ ಅದರ ಎಂಜಿನ್ ಉಗುಳುವ ಅನಿಲದಲ್ಲಿಯೇ ನೀರಾವಿ ಇರಬಹುದು. ವಿಕ್ರಮ್ ಇಳಿದಾಗ ಎದ್ದ ಮಣ್ಣು ಎರಡು ಟನ್ನಿಗೂ ಹೆಚ್ಚು, ಅದು ಹರಡಿದ್ದು ನೂರು ಚದರ ಮೀಟರ್‌ಗೂ ಮಿಕ್ಕಿ ಎಂದು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಚಿತ್ರಗಳಿಂದ ಲೆಕ್ಕ ಹಾಕಿದೆ. ದೊಡ್ಡ ನೌಕೆಗಳು ಧ್ರುವದ ಸುತ್ತ ಮೇಲಿಂದ ಮೇಲೆ ಇಳಿಯತೊಡಗಿದರೆ, ಅವುಗಳ ಅನಿಲ ತಣ್ಣನೆಯ ಕುಳಿಗಳಲ್ಲಿ ಹೋಗಿ ಹೆಪ್ಪುಗಟ್ಟಿ, ಸಹಜವಾಗಿ ಕೂಡಿಟ್ಟ ದಾಖಲೆಯ ಮೇಲೆ ಕುಳಿತುಬಿಡುತ್ತದೆ. ಮಂಜನ್ನು ಕುಡಿಯುವ ನೀರಾಗಿ, ರಾಕೆಟ್ ಇಂಧನವಾಗಿ ಬಳಸುವ ಮಾತು ಬರುವುದಕ್ಕೆ ಮೊದಲು ಅದನ್ನು ಮಲಿನಗೊಳಿಸದೆ ಒಮ್ಮೆಯಾದರೂ ಅಳೆಯಬೇಕೆಂಬ ವಿಜ್ಞಾನಿಗಳ ಒತ್ತಾಯ ನ್ಯಾಯವಾದದ್ದು. ಹೀಲಿಯಂ-3 ಎಂಬ ಇಂಧನವನ್ನು ಚಂದ್ರನಿಂದ ಅಗೆದು ತರುವ ಮಾತೂ ಆಗಾಗ ಕೇಳಿಬರುತ್ತದೆ. ಚಂದ್ರನ ಮಣ್ಣಿನಲ್ಲಿ ಅದರ ಪಾಲು ಅತ್ಯಲ್ಪ, ಅದನ್ನು ಉರಿಸಿ ವಿದ್ಯುತ್ ಕೊಡುವ ಸ್ಥಾವರ ಭೂಮಿಯಲ್ಲಿ ಒಂದೂ ಇಲ್ಲ. ಆದ್ದರಿಂದ ವೈಜ್ಞಾನಿಕ ಆದ್ಯತೆಗಳಲ್ಲಿ ಅದಕ್ಕೆ ಮೇಲಿನ ಸ್ಥಾನ ದೊರೆತಿಲ್ಲ.

ಚಂದ್ರನ ಹೊಟ್ಟೆಯೊಳಗೆ

ಗ್ರಹದ ಒಳಭಾಗವನ್ನು ತಿಳಿಯಲು ಇರುವ ಅತ್ಯುತ್ತಮ ದಾರಿ ಕಂಪನಗಳು. ಕಂಪನದ ಅಲೆ ಯಾವ ಪದರವನ್ನು ಹಾದು ಎಷ್ಟು ಹೊತ್ತಿಗೆ ತಲುಪಿತು ಎಂಬುದರಿಂದ ಆ ಪದರ ಗಟ್ಟಿಯೋ ದ್ರವವೋ, ಎಷ್ಟು ಆಳವೋ ತಿಳಿಯುತ್ತದೆ. ಅಪೊಲೊ ಗಗನಯಾತ್ರಿಗಳು ಇಟ್ಟು ಬಂದ ಕಂಪನಮಾಪಕಗಳಲ್ಲಿ ನಾಲ್ಕು ಕೇಂದ್ರಗಳು ಜಾಲವಾಗಿ 1977ರ ಸೆಪ್ಟೆಂಬರ್‌ವರೆಗೆ ಕೆಲಸ ಮಾಡಿ, ಹನ್ನೆರಡು ಸಾವಿರಕ್ಕೂ ಹೆಚ್ಚು ಕಂಪನಗಳನ್ನು ದಾಖಲಿಸಿದವು. ಆದರೆ ನಾಲ್ಕೂ ಈಚೆ ಮಗ್ಗುಲಿನ ಒಂದು ಪ್ರದೇಶದಲ್ಲೇ ಇದ್ದವು. ಚಂದ್ರನ ತಿರುಳಿನ ಮೂಲಕ ಹಾದುಬರುವ ಅಲೆಗಳು ಅವುಗಳಿಗೆ ಸರಿಯಾಗಿ ಸಿಗಲಿಲ್ಲ. ತಿರುಳಿನ ಗಾತ್ರದ ಬಗ್ಗೆ, ಆಚೆ ಮಗ್ಗುಲಿನ ತೊಗಟೆ ಈಚೆಗಿಂತ ಏಕೆ ದಪ್ಪ ಎಂಬುದರ ಬಗ್ಗೆ ಇಂದಿಗೂ ಒಮ್ಮತವಿಲ್ಲದಿರಲು ಇದೊಂದು ಕಾರಣ.

ವಿಕ್ರಮ್‌ನಲ್ಲಿದ್ದ ಇಲ್ಸಾ ಉಪಕರಣ ದಕ್ಷಿಣ ಧ್ರುವದ ಕಡೆಯ ನೆಲದ ಕಂಪನಗಳನ್ನು ಮೊದಲ ಬಾರಿ ದಾಖಲಿಸಿತು. ಆದರೆ ಚಂದ್ರನ ಒಂದು ಹಗಲು, ಎಂದರೆ ನಮ್ಮ ಹದಿನಾಲ್ಕು ದಿನ, ಮುಗಿದ ಮೇಲೆ ಬರುವ ಅಷ್ಟೇ ಉದ್ದದ ರಾತ್ರಿಯ ಚಳಿಯನ್ನು ಸೌರಫಲಕ ನಂಬಿದ ಲ್ಯಾಂಡರ್ ತಾಳಲಾರದು. ಕಂಪನಗಳ ಅಧ್ಯಯನಕ್ಕೆ ಬೇಕಾದುದು ಪರಸ್ಪರ ದೂರವಿರುವ ಹಲವು ಕೇಂದ್ರಗಳು ಒಂದೇ ಸಮಯದಲ್ಲಿ ವರ್ಷಗಟ್ಟಲೆ ಕೆಲಸ ಮಾಡುವುದು. ರಾತ್ರಿಯನ್ನು ಬದುಕಿ ಉಳಿಯುವ ಶಕ್ತಿಮೂಲ ಅದಕ್ಕೆ ಮೊದಲ ಅಗತ್ಯ. ಯಾವ ಒಂದು ದೇಶವೂ ಒಂಟಿಯಾಗಿ ಮುಗಿಸಲಾಗದ ಕೆಲಸ ಇದು. ನೆಲದಿಂದ ತುಂಬ ಆಳವಲ್ಲದಲ್ಲಿ ಹುಟ್ಟುವ ಕಂಪನಗಳು ಅಪರೂಪವಾದರೂ ಬಲವಾದವು. ಮುಂದೆ ಅಲ್ಲಿ ಮನುಷ್ಯರು ತಂಗುವ ನೆಲೆ ಕಟ್ಟುವುದಾದರೆ ಅವು ಎಲ್ಲಿ ಹೆಚ್ಚು ಎಂಬುದು ಮೊದಲೇ ಗೊತ್ತಿರಬೇಕು.

ಆಚೆ ಮಗ್ಗುಲಿನ ನಿಶ್ಶಬ್ದ

ಚಂದ್ರನ ಆಚೆ ಮಗ್ಗುಲಿಗೆ ಇನ್ನೊಂದು ಉಪಯೋಗವಿದೆ. ವಿಶ್ವದಲ್ಲಿ ನಕ್ಷತ್ರಗಳು ಹುಟ್ಟುವ ಮೊದಲು ಹರಡಿದ್ದ ಹೈಡ್ರೋಜನ್ ಅನಿಲ ಸೂಸಿದ ರೇಡಿಯೋ ಅಲೆಗಳು, ವಿಶ್ವ ಹಿಗ್ಗಿದಂತೆ ಹಿಗ್ಗಿ, ಇಂದು ಹಲವು ಮೀಟರ್ ಉದ್ದದ ಅಲೆಗಳಾಗಿ ನಮ್ಮನ್ನು ತಲುಪುತ್ತಿರಬೇಕು. ಭೂಮಿಯ ಮೇಲೆ ಎಫ್‌ಎಂ ಪ್ರಸಾರದಂಥ ಸಂಕೇತಗಳ ಗದ್ದಲ ಒಂದೆಡೆಯಾದರೆ, ವಾತಾವರಣದ ಮೇಲ್ಪದರ ಅತಿ ಉದ್ದದ ಅಲೆಗಳನ್ನು ತಡೆಯುವುದು ಇನ್ನೊಂದೆಡೆ. ಆಚೆ ಮಗ್ಗುಲಿನಲ್ಲಿ ಇಡೀ ಚಂದ್ರನೇ ಅಡ್ಡವಾಗಿ ನಿಂತು ಭೂಮಿಯ ಗದ್ದಲವನ್ನು ತಡೆಯುತ್ತದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದಕ್ಕೆಂದೇ ಪ್ರತುಷ್ ಎಂಬ ಉಪಕರಣವನ್ನು ಚಂದ್ರನ ಕಕ್ಷೆಗೆ ಕಳಿಸುವ ಪ್ರಸ್ತಾವ ಮಾಡಿ, ಅದರ ಮಾದರಿಯ ಮೇಲೆ ಕೆಲಸ ನಡೆಸಿದ್ದಾರೆ.

ಚಂದ್ರಯಾನ-4 ತರುವ ಮಣ್ಣು

ಇಷ್ಟೆಲ್ಲ ಆಸೆಗಳ ನಡುವೆ ಇಳಿಯುವ ಜಾಗವನ್ನು ಆರಿಸುವುದು ಸುಲಭವಲ್ಲ. ವಿಜ್ಞಾನಕ್ಕೆ ಬೇಕಾದ ಕಲ್ಲು ಸಾಮಾನ್ಯವಾಗಿ ಕುಳಿಯ ಕಡಿದಾದ ಗೋಡೆಯಲ್ಲಿಯೋ ಕತ್ತಲಲ್ಲಿಯೋ ಇರುತ್ತದೆ. ಲ್ಯಾಂಡರ್‌ಗೆ ಬೇಕಾದುದು ಸಮನೆಲ, ಬಿಸಿಲು, ಭೂಮಿ ಕಾಣುವ ದಿಕ್ಕು. ಈ ಎರಡರ ನಡುವೆ ಹೊಂದಾಣಿಕೆ ಮಾಡಿಕೊಳ್ಳಲು ನೆರವಾಗುವುದು ಚಂದ್ರಯಾನ-2ರ ಆರ್ಬಿಟರ್. ಅದರ ಅತಿ ಸೂಕ್ಷ್ಮ ಕ್ಯಾಮೆರಾ ನೂರು ಕಿಲೋಮೀಟರ್ ಎತ್ತರದಿಂದ ಮೂವತ್ತು ಸೆಂಟಿಮೀಟರ್‌ನಷ್ಟು ಸಣ್ಣ ವಿವರವನ್ನೂ ಹಿಡಿಯುತ್ತದೆ.

ಚಂದ್ರಯಾನ-4ರ ನೌಕೆ ಐದು ಭಾಗಗಳದ್ದು, ಒಂದೇ ರಾಕೆಟ್‌ಗೆ ಹೊರಲಾಗದಷ್ಟು ಭಾರ. ಎರಡು ಎಲ್‌ವಿಎಂ-3 ರಾಕೆಟ್‌ಗಳಲ್ಲಿ ಬೇರೆಬೇರೆಯಾಗಿ ಹೋಗಿ, ಕಕ್ಷೆಯಲ್ಲಿ ಒಂದನ್ನೊಂದು ಜೋಡಿಸಿಕೊಳ್ಳಬೇಕು. ಮಣ್ಣನ್ನು ತುಂಬಿಕೊಂಡ ಭಾಗ ಚಂದ್ರನ ನೆಲದಿಂದ ಮೇಲೇರಿ, ಸುತ್ತುತ್ತಿರುವ ಭಾಗಕ್ಕೆ ಅದನ್ನು ದಾಟಿಸಬೇಕು. ಈ ಜೋಡಣೆಯ ವಿದ್ಯೆಯನ್ನು ಇಸ್ರೋ 2025ರ ಜನವರಿ 16ರಂದು ಸ್ಪೇಡೆಕ್ಸ್ ಉಪಗ್ರಹಗಳಲ್ಲಿ ಭೂಮಿಯ ಕಕ್ಷೆಯಲ್ಲಿ ಸಾಧಿಸಿ ತೋರಿಸಿದೆ.

ತಂದ ಮಣ್ಣನ್ನು ಇಡುವುದೂ ಒಂದು ವಿಜ್ಞಾನ. ನಮ್ಮ ಗಾಳಿಯ ತೇವ, ಆಮ್ಲಜನಕ ತಾಗಿದರೆ ಚಂದ್ರನ ಕಲ್ಲಿನ ಕಬ್ಬಿಣ ತುಕ್ಕು ಹಿಡಿಯುತ್ತದೆ, ನೀರಿನ ಅಳತೆಯಂತೂ ಪೂರ್ತಿ ಕೆಡುತ್ತದೆ. ಆದ್ದರಿಂದ ಶುದ್ಧ ನೈಟ್ರೋಜನ್ ತುಂಬಿದ ಮುಚ್ಚಿದ ಪೆಟ್ಟಿಗೆಗಳಲ್ಲಿ, ಕೈಗವಸು ಅಳವಡಿಸಿದ ಕಂಡಿಗಳ ಮೂಲಕ ಮಾತ್ರ ಅದನ್ನು ಮುಟ್ಟಬೇಕು. ಒಂದು ಪಾಲನ್ನು ಅಧ್ಯಯನಕ್ಕೆ ಹಂಚಿ, ಇನ್ನೊಂದು ಪಾಲನ್ನು ತೆರೆಯದೆ ಎತ್ತಿಡುವ ಪದ್ಧತಿಯೂ ಇದೆ. 1972ರಲ್ಲಿ ಅಪೊಲೊ-17ರ ಯಾತ್ರಿಗಳು ಚಂದ್ರನ ಮೇಲೆಯೇ ಮುದ್ರೆ ಹಾಕಿ ತಂದ ಮಣ್ಣಿನ ಕೊಳವೆಯೊಂದನ್ನು ನಾಸಾ ಹಾಗೇ ಇಟ್ಟುಕೊಂಡು, ಆಗ ಇಲ್ಲದಿದ್ದ ಉಪಕರಣಗಳು ಬಂದ ಮೇಲೆ, 2022ರಲ್ಲಿ ತೆರೆಯಿತು. ಚಂದ್ರಯಾನ-4ರ ಮಣ್ಣಿಗೂ ಇಂಥ ಸಂಗ್ರಹಾಗಾರ ನಮ್ಮ ದೇಶದಲ್ಲೇ ಆಗಬೇಕು. ಇಂದು ಪಿಯುಸಿ ಓದುತ್ತಿರುವವರು ಮುಂದೆ ಅಳೆಯಲು ಅದರಲ್ಲಿ ಒಂದು ಪಾಲು ಮುದ್ರೆ ಒಡೆಯದೆ ಉಳಿದಿರಬೇಕು.